ಎಕ್ಸ್‌ಪರ್ಟ್ ಅಲ್ಟ್ರಾ: ಮೆದುಳು ಪೊರೆಯ ಟಿಬಿ ಪತ್ತೆಗೆ ಎಷ್ಟು ನೆಚ್ಚಬಹುದು?

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಟಿಬಿ ಮೆನಿಂಜೈಟಿಸ್, ಅಂದರೆ ಮೆದುಳು ಪೊರೆಗೆ ತಗಲುವ ಕ್ಷಯದ ಅನುಮಾನ ಬಂದಾಗ ಬೆನ್ನಿನಿಂದ ತೆಗೆದ ನೀರಿಗೆ ಮೊದಲು ಮಾಡಿಸಬೇಕಾದ ಪರೀಕ್ಷೆ ಟಿಬಿ ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ, ಸೆಫೀಡ್ ಕಂಪನಿಯ ಎಕ್ಸ್‌ಪರ್ಟ್ ಎಂಟಿಬಿ/ರಿಫ್ ಅಲ್ಟ್ರಾ. ಈ ಕೆಲಸಕ್ಕೆ ಇಷ್ಟು ಪುರಾವೆ ಬೆನ್ನಿಗಿರುವ, ಇಷ್ಟು ಬೇಗ ಉತ್ತರ ಕೊಡುವ ಪರೀಕ್ಷೆ ಬೇರೆ ಸಿಗುವುದು ಕಷ್ಟ. ಪಾಸಿಟಿವ್ ಬಂದರೆ ನಂಬಿ, ಚಿಕಿತ್ಸೆ ಶುರುಮಾಡಿ. ನೆಗೆಟಿವ್ ಬಂದರೆ ಅದೊಂದನ್ನೇ ನಂಬಿ ಚಿಕಿತ್ಸೆ ನಿಲ್ಲಿಸಬೇಡಿ. ಯಂತ್ರದ ಒಳಗೆ ಏನು ನಡೆಯುತ್ತದೆ ಅನ್ನುವುದಕ್ಕಿಂತ, ಯಂತ್ರಕ್ಕೆ ಹೋಗುವ ಮುಂಚೆ ಆ ನೀರು ಎಷ್ಟಿತ್ತು, ಅದಕ್ಕೆ ಏನು ಮಾಡಿದರು ಅನ್ನುವುದರ ಮೇಲೆ ಫಲಿತಾಂಶ ನಿಂತಿದೆ. ಆದ್ದರಿಂದ ಈ ವಿಮರ್ಶೆಯ ದೊಡ್ಡ ಪಾಲು ಕಾರ್ಟ್ರಿಡ್ಜ್‌ನ (ಮಾದರಿ ತುಂಬಿ ಯಂತ್ರಕ್ಕೆ ಹಾಕುವ ಡಬ್ಬಿಯ) ಹೊರಗೆ ನಡೆಯುವ ಕೆಲಸದ ಬಗ್ಗೆಯೇ ಇದೆ.

ಈ ಕಾಯಿಲೆಯಲ್ಲಿ ಕಾಯಲು ಸಮಯವಿಲ್ಲ. ತಲೆನೋವು, ಜ್ವರ, ವಾಂತಿ ಎಂದು ದಿನಗಟ್ಟಲೆ ಎಳೆದು, ಮಂಪರು ಕವಿಯುವ ಹೊತ್ತಿಗೆ ಆಸ್ಪತ್ರೆ ಸೇರುವವರೇ ಹೆಚ್ಚು. ಚಿಕಿತ್ಸೆ ಸಿಗದಿದ್ದರೆ ಸಾವು ಹೆಚ್ಚುಕಡಿಮೆ ಖಚಿತ. ತಡವಾದರೆ ಜೀವ ಉಳಿದರೂ ಪಾರ್ಶ್ವವಾಯು, ದೃಷ್ಟಿದೋಷ, ನೆನಪಿನ ತೊಂದರೆ ಉಳಿದುಬಿಡಬಹುದು. ಆದರೆ ಬೆನ್ನಿನ ನೀರಿನಲ್ಲಿ, ಅಂದರೆ ಮೆದುಳು ಮತ್ತು ಬೆನ್ನುಹುರಿಯ ಸುತ್ತ ಇರುವ ಸಿಎಸ್‌ಎಫ್‌ನಲ್ಲಿ, ಟಿಬಿ ಬ್ಯಾಕ್ಟೀರಿಯಾ ತೀರಾ ವಿರಳ. ಝೀಲ್-ನೀಲ್ಸನ್ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಕಾಣಬೇಕಾದರೆ ಒಂದು ಮಿ.ಲೀ.ಗೆ ಸುಮಾರು 10,000 ಇರಬೇಕು. ಸಾಮಾನ್ಯ ಲ್ಯಾಬ್‌ಗಳಲ್ಲಿ ಹತ್ತು ಕೇಸಿಗೆ ಒಂದೋ ಎರಡೋ ಈ ಸ್ಮಿಯರ್ ಪರೀಕ್ಷೆಯಲ್ಲಿ ಸಿಕ್ಕರೆ ಹೆಚ್ಚು. ಕಲ್ಚರ್, ಅಂದರೆ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವುದು, ಅದಕ್ಕಿಂತ ಎಷ್ಟೋ ಸೂಕ್ಷ್ಮ. ಆದರೆ ಬೆಳೆಯಲು ವಾರಗಳೇ ಬೇಕು. ನೆಗೆಟಿವ್ ಎಂದು ಬರೆಯಲು ದ್ರವ ಮಾಧ್ಯಮದಲ್ಲಿ 6 ವಾರ, ಎಲ್‌ಜೆ ಎಂಬ ಘನ ಮಾಧ್ಯಮದಲ್ಲಿ 8 ವಾರ ಕಾಯಬೇಕು. ಆ ರಿಪೋರ್ಟ್ ಕೈಸೇರುವಷ್ಟರಲ್ಲಿ ರೋಗಿಯ ಹಣೆಬರಹ ನಿರ್ಧಾರವಾಗಿರುತ್ತದೆ.

ಅದಕ್ಕಾಗಿಯೇ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ, ಸಿಎಸ್‌ಎಫ್‌ಗೆ ಸ್ಮಿಯರ್ ಮತ್ತು ಕಲ್ಚರ್‌ಗಿಂತ ಮೊದಲು ಎಕ್ಸ್‌ಪರ್ಟ್ ಮಾಡಿ ಎಂದು ಶಿಫಾರಸು ಮಾಡಿತು. ಅಲ್ಟ್ರಾ ಆವೃತ್ತಿಗೆ 2017ರಲ್ಲಿ ಒಪ್ಪಿಗೆ ಕೊಟ್ಟಿತು.

ಹಳೆಯದಕ್ಕೂ ಅಲ್ಟ್ರಾಗೂ ಏನು ವ್ಯತ್ಯಾಸ

ಎರಡೂ ಜೀನ್‌ಎಕ್ಸ್‌ಪರ್ಟ್ ಯಂತ್ರದಲ್ಲೇ ಓಡುತ್ತವೆ. ದ್ರವವನ್ನು ಕಾರ್ಟ್ರಿಡ್ಜ್‌ಗೆ ಹಾಕಿ ಮುಚ್ಚಿದ ಮೇಲೆ ಕೈಕೆಲಸ ಇಲ್ಲ. ಒಳಗಿನ ಫಿಲ್ಟರ್ ಬ್ಯಾಕ್ಟೀರಿಯಾಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಅಲ್ಟ್ರಾಸೌಂಡ್ ಕಂಪನ ಅವುಗಳನ್ನು ಒಡೆಯುತ್ತದೆ, ಹೊರಬಂದ ಡಿಎನ್‌ಎ, ಅದರ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ಕೊಠಡಿಗೆ ಹೋಗುತ್ತದೆ. ಹಳೆಯ ಕಾರ್ಟ್ರಿಡ್ಜ್‌ನಲ್ಲಿ ಆ ಕೊಠಡಿ 25 ಮೈಕ್ರೋಲೀಟರ್‌ನದು, ಅಲ್ಟ್ರಾದಲ್ಲಿ 50. ಹಳೆಯದು ಹುಡುಕುತ್ತಿದ್ದುದು ಆರ್‌ಪಿಒಬಿ ಎಂಬ ಒಂದೇ ಜೀನನ್ನು. ಅದು ಒಂದು ಬ್ಯಾಕ್ಟೀರಿಯಾದಲ್ಲಿ ಒಂದೇ ಪ್ರತಿ ಇರುತ್ತದೆ. ಅಲ್ಟ್ರಾ ಅದರ ಜೊತೆಗೆ ಐಎಸ್6110 ಮತ್ತು ಐಎಸ್1081 ಎಂಬ, ಒಂದೇ ಬ್ಯಾಕ್ಟೀರಿಯಾದಲ್ಲಿ ಹಲವು ಪ್ರತಿಗಳಿರುವ ತುಣುಕುಗಳನ್ನೂ ಹುಡುಕುತ್ತದೆ. ಎರಡು ಏಕೆಂದರೆ, ಐಎಸ್6110 ಒಂದೂ ಇಲ್ಲದ ಟಿಬಿ ತಳಿಗಳಿವೆ. ಅಂಥ ಕಡೆ ಐಎಸ್1081 ಕೈಹಿಡಿಯುತ್ತದೆ. ಇದರಿಂದ ಕಫದ ಮಾದರಿಯಲ್ಲಿ ಪತ್ತೆಯ ಮಿತಿ ಮಿ.ಲೀ.ಗೆ ನೂರಕ್ಕೂ ಮಿಕ್ಕಿದ ಬ್ಯಾಕ್ಟೀರಿಯಾದಿಂದ ಸುಮಾರು 16ಕ್ಕೆ ಇಳಿಯಿತು. ಹಳೆಯದಕ್ಕೆ ಹತ್ತಿರ ಹತ್ತಿರ ಎರಡು ಗಂಟೆ ಹಿಡಿಯುತ್ತಿತ್ತು, ಅಲ್ಟ್ರಾ ಸುಮಾರು 80 ನಿಮಿಷದಲ್ಲಿ ಮುಗಿಸುತ್ತದೆ.

ಟಿಬಿಯ ಮುಖ್ಯ ಔಷಧಿಯಾದ ರಿಫಾಂಪಿಸಿನ್‌ಗೆ ಬ್ಯಾಕ್ಟೀರಿಯಾ ಬಗ್ಗದಿರುವುದನ್ನು, ಅಂದರೆ ಪ್ರತಿರೋಧವನ್ನು, ಆರ್‌ಪಿಒಬಿ ಜೀನಿನಲ್ಲಿ ಓದುವ ಬಗೆಯೂ ಬದಲಾಗಿದೆ. ಜೀನಿಗೆ ಅಂಟುವ ಸಣ್ಣ ತುಣುಕಾದ ಪ್ರೋಬ್ ಅಂಟಿತೇ ಇಲ್ಲವೇ ಎಂದು ನೋಡುವುದಕ್ಕೆ ಬದಲು, ಅಂಟಿದ್ದು ಯಾವ ಉಷ್ಣಾಂಶದಲ್ಲಿ ಬಿಡಿಸಿಕೊಳ್ಳುತ್ತದೆ ಎಂದು ಅಲ್ಟ್ರಾ ಅಳೆಯುತ್ತದೆ. ಬ್ಯಾಕ್ಟೀರಿಯಾ ತೀರಾ ಕಡಿಮೆ ಇದ್ದ ಮಾದರಿಗಳಲ್ಲಿ ಹಳೆಯ ಕಾರ್ಟ್ರಿಡ್ಜ್ ಇಲ್ಲದ ಪ್ರತಿರೋಧವನ್ನು ತೋರಿಸುತ್ತಿತ್ತು. ಆ ಕಾಟ ಈಗ ಕಡಿಮೆ. ಸಿಎಸ್‌ಎಫ್‌ಗೆ ಇದು ದೊಡ್ಡ ಲಾಭ, ಏಕೆಂದರೆ ಇಲ್ಲಿ ಬರುವ ಪಾಸಿಟಿವ್‌ಗಳಲ್ಲಿ ಬಹುಪಾಲು ಕೆಳಹಂತದವೇ.

ನೀರು ಎಷ್ಟು ತೆಗೆದಿರಿ?

ಈ ಪರೀಕ್ಷೆ ಸೋಲುವುದು ಹೆಚ್ಚಾಗಿ ಇಲ್ಲಿಯೇ. ಒಂದೆರಡು ಮಿ.ಲೀ. ತೆಗೆದು, ಅದನ್ನೇ ಜೀವಕೋಶ ಎಣಿಕೆ, ಪ್ರೋಟೀನ್, ಗ್ಲೂಕೋಸ್, ಸಾಮಾನ್ಯ ಕಲ್ಚರ್, ಕ್ರಿಪ್ಟೋಕಾಕಸ್ ಆಂಟಿಜೆನ್ ಎಂದು ಹಂಚಿ, ಕೊನೆಗೆ ಬಾಟಲಿಯ ತಳದಲ್ಲಿ ಉಳಿದ ಹನಿಗಳನ್ನು ಟಿಬಿ ಲ್ಯಾಬ್‌ಗೆ ಕಳಿಸಿದರೆ ಅಲ್ಟ್ರಾ ಏನು ತಾನೇ ಮಾಡೀತು? ಮಿ.ಲೀ.ಗೆ ಹತ್ತಿಪ್ಪತ್ತು ಬ್ಯಾಕ್ಟೀರಿಯಾ ಇರುವ ದ್ರವದಲ್ಲಿ ಅರ್ಧ ಮಿ.ಲೀ. ತೆಗೆದುಕೊಂಡರೆ ಕೈಗೆ ಸಿಗುವುದು ಐದೋ ಹತ್ತೋ, ಅದೂ ಅದೃಷ್ಟ ಇದ್ದರೆ.

ವಯಸ್ಕರಲ್ಲಿ ಟಿಬಿ ಪರೀಕ್ಷೆಗೆಂದೇ ಕನಿಷ್ಠ 6 ಮಿ.ಲೀ., ಸಾಧ್ಯವಾದರೆ 10 ಮಿ.ಲೀ. ಬೇಕು. ಕೇಳಿದಾಕ್ಷಣ ಹೆಚ್ಚಾಯಿತು ಅನ್ನಿಸಬಹುದು. ದೇಹ ದಿನಕ್ಕೆ ಸುಮಾರು 500 ಮಿ.ಲೀ. ಸಿಎಸ್‌ಎಫ್ ತಯಾರಿಸುತ್ತದೆ, ಅಂದರೆ ಗಂಟೆಗೆ 20 ಮಿ.ಲೀ. ಆಸುಪಾಸು. ಬೆನ್ನಿಗೆ ಸೂಜಿ ಹಾಕಲು ಅಡ್ಡಿ ಇಲ್ಲದ ವಯಸ್ಕರಲ್ಲಿ 10ರಿಂದ 15 ಮಿ.ಲೀ. ತೆಗೆಯುವುದು ಸುರಕ್ಷಿತ. ಅಡ್ಡಿ ಇರುವವರ ಮಾತು ಬೇರೆ: ದೇಹದ ಒಂದು ಬದಿ ಬಲಹೀನವಾಗಿದ್ದರೆ, ಎಚ್ಚರ ತಪ್ಪುತ್ತಿದ್ದರೆ, ಮೊದಲು ತಲೆಯ ಸ್ಕ್ಯಾನ್ ಆಗಬೇಕು. ಮಕ್ಕಳಲ್ಲಿ ವಯಸ್ಸು, ತೂಕ ನೋಡಿ ಕಡಿಮೆ ತೆಗೆಯುತ್ತಾರೆ. ಆದ್ದರಿಂದ ಮಕ್ಕಳಲ್ಲಿ ಎದೆಯ ಎಕ್ಸ್‌ರೇ, ಜಠರದಿಂದ ತೆಗೆದ ದ್ರವ, ಮಲದ ಮಾದರಿ ಹೀಗೆ ಬೇರೆ ಜಾಗಗಳಲ್ಲೂ ಟಿಬಿಯನ್ನು ಹುಡುಕುವುದು ಜಾಣತನ.

ಹಂಚುವಾಗ ಕ್ರಮ ಹೀಗಿರಲಿ: ಮೊದಲ ಸಣ್ಣ ಬಾಟಲಿಗಳು ಉಳಿದ ಪರೀಕ್ಷೆಗಳಿಗೆ, ಕೊನೆಯ ದೊಡ್ಡ ಪಾಲು ಟಿಬಿಗೆ. ಶುರುವಿನಲ್ಲಿ ಸೂಜಿಯ ಗಾಯದ ರಕ್ತ ಬಂದಿದ್ದರೂ ಕೊನೆಗೆ ಬರುವ ನೀರು ತಿಳಿಯಾಗಿರುವ ಸಂಭವ ಹೆಚ್ಚು. ಇದು ಮುಖ್ಯ, ಏಕೆಂದರೆ ರಕ್ತ ಬೆರೆತ ಅಥವಾ ಹಳದಿಗಟ್ಟಿದ ಸಿಎಸ್‌ಎಫ್ ಸುಳ್ಳು ನೆಗೆಟಿವ್ ಕೊಡಬಹುದು.

ಇನ್ನು ಲ್ಯಾಬ್‌ನವರು ಅನುಸರಿಸುವ ಪ್ರಮಾಣದ ನಿಯಮ. 5 ಮಿ.ಲೀ.ಗಿಂತ ಹೆಚ್ಚಿದ್ದರೆ ಸೆಂಟ್ರಿಫ್ಯೂಜ್‌ನಲ್ಲಿ ವೇಗವಾಗಿ ತಿರುಗಿಸಿ, ತಳದಲ್ಲಿ ಕೂತ ಗಸಿಗೆ ಸ್ಯಾಂಪಲ್ ರಿಯೇಜೆಂಟ್ (ಪರೀಕ್ಷೆಯ ಜೊತೆ ಬರುವ ದ್ರಾವಣ) ಸೇರಿಸಿ 2 ಮಿ.ಲೀ. ಮಾಡಿ ಹಾಕಬೇಕು. 1ರಿಂದ 5 ಮಿ.ಲೀ. ಇದ್ದರೆ ಸಮಪ್ರಮಾಣದ ರಿಯೇಜೆಂಟ್ ಬೆರೆಸಿ ಅದರಲ್ಲಿ 2 ಮಿ.ಲೀ. ಹಾಕಬೇಕು. 0.1ರಿಂದ 1 ಮಿ.ಲೀ. ಇದ್ದರೆ ರಿಯೇಜೆಂಟ್‌ನಿಂದ 2 ಮಿ.ಲೀ.ವರೆಗೆ ತುಂಬಿಸಬೇಕು. 0.1ಕ್ಕಿಂತ ಕಡಿಮೆ ಇದ್ದರೆ ಪರೀಕ್ಷೆಗೆ ಸಾಲದು.

ಮಧ್ಯದ ನಿಯಮವನ್ನು ಲೆಕ್ಕ ಹಾಕಿ ನೋಡಿ. 5 ಮಿ.ಲೀ. ನೀರಿಗೆ 5 ಮಿ.ಲೀ. ರಿಯೇಜೆಂಟ್ ಸೇರಿ 10 ಆಯಿತು. ಕಾರ್ಟ್ರಿಡ್ಜ್‌ಗೆ ಹೋಗುವುದು 2. ಅಂದರೆ ಪರೀಕ್ಷೆಯಾದದ್ದು 1 ಮಿ.ಲೀ. ಸಿಎಸ್‌ಎಫ್ ಮಾತ್ರ! ಉಳಿದ 4 ಮಿ.ಲೀ. ವ್ಯರ್ಥ. ಕಷ್ಟಪಟ್ಟು ತೆಗೆದ ನೀರನ್ನು ಹೀಗೆ ಚೆಲ್ಲುವುದು ನಮಗೆ ಒಪ್ಪಿಗೆಯಿಲ್ಲ. ಸೆಂಟ್ರಿಫ್ಯೂಜ್ ಇರುವ ಲ್ಯಾಬ್ ಆದರೆ 2 ಮಿ.ಲೀ. ಇದ್ದರೂ ತಿರುಗಿಸಿಯೇ ಹಾಕಿ ಎಂಬುದು ನಮ್ಮ ಸಲಹೆ. 10 ಮಿ.ಲೀ.ಯ ಗಸಿ ಪೂರ್ತಿ ಕಾರ್ಟ್ರಿಡ್ಜ್ ಸೇರಿದರೆ, ನೇರ ವಿಧಾನಕ್ಕಿಂತ ಹತ್ತು ಪಟ್ಟು ನೀರನ್ನು ಪರೀಕ್ಷಿಸಿದಂತೆ. ಅರ್ಧವನ್ನು ಕಲ್ಚರ್‌ಗೆ ಕೊಟ್ಟರೂ ಐದು ಪಟ್ಟು.

ಸೆಂಟ್ರಿಫ್ಯೂಜ್‌ನಲ್ಲಿ ಕೈತಪ್ಪುವ ಕಡೆ

ತಿರುಗಿಸಬೇಕಾದ್ದು 3,000 ಜಿ (ಗುರುತ್ವದ 3,000 ಪಟ್ಟು) ಬಲದಲ್ಲಿ, 15 ನಿಮಿಷ. ಇದನ್ನು ನಿಮಿಷಕ್ಕೆ 3,000 ಸುತ್ತು ಎಂದು ಓದಿಕೊಳ್ಳುವುದು ಬಹಳ ಕಡೆ ನಡೆಯುವ ತಪ್ಪು. ರೋಟರ್‌ನ ತ್ರಿಜ್ಯ 16 ಸೆಂ.ಮೀ. ಇದ್ದರೆ ನಿಮಿಷಕ್ಕೆ 3,000 ಸುತ್ತಿಗೆ ಸಿಗುವ ಬಲ ಸುಮಾರು 1,600 ಜಿ, ಅಂದರೆ ಬೇಕಾದ್ದರ ಅರ್ಧ. ಅದೇ ರೋಟರ್‌ನಲ್ಲಿ 3,000 ಜಿ ಬರಲು ನಿಮಿಷಕ್ಕೆ 4,100 ಸುತ್ತು ಬೇಕು. ಟಿಬಿ ಬ್ಯಾಕ್ಟೀರಿಯಾದ ಗೋಡೆ ಮೇಣದಂಥ ಕೊಬ್ಬಿನದು, ಸುಲಭವಾಗಿ ತಳ ಸೇರುವುದಿಲ್ಲ. ಬಲ ಕಡಿಮೆಯಾದರೆ ನೀವು ಹುಡುಕುತ್ತಿರುವುದೇ ಮೇಲಿನ ನೀರಿನ ಜೊತೆ ಚೆಲ್ಲಿಹೋಗುತ್ತದೆ. ಯಂತ್ರದ ಮೇಲೆ ಒಂದು ಚೀಟಿ ಅಂಟಿಸಿ ಸುತ್ತಿನ ಲೆಕ್ಕ ಬರೆದಿಡಿ.

ತಳ ಚೂಪಾದ 15 ಮಿ.ಲೀ. ಟ್ಯೂಬ್ ಬಳಸಿ. ಸಿಎಸ್‌ಎಫ್‌ನ ಗಸಿ ಅನೇಕ ಸಲ ಕಣ್ಣಿಗೇ ಕಾಣುವುದಿಲ್ಲ. ರೋಟರ್‌ನಲ್ಲಿ ಹೊರಮುಖವಾಗಿ ನಿಂತ ಬದಿಗೆ ಮೊದಲೇ ಪೆನ್ನಿನಿಂದ ಗುರುತು ಹಾಕಿದರೆ ಗಸಿ ಎಲ್ಲಿ ಕೂತಿದೆ ಎಂದು ಗೊತ್ತಿರುತ್ತದೆ. ಮೇಲಿನ ನೀರನ್ನು ಬಗ್ಗಿಸಿ ಸುರಿಯಬೇಡಿ. ಪಿಪೆಟ್‌ನಿಂದ ನಿಧಾನವಾಗಿ, ಗುರುತಿನ ಎದುರು ಬದಿಯಿಂದ ಎಳೆದು ತಳದಲ್ಲಿ 1 ಮಿ.ಲೀ. ಬಿಡಿ. ತೆಗೆದ ನೀರನ್ನೂ ಎಸೆಯಬೇಕಿಲ್ಲ, ಪ್ರೋಟೀನ್ ಮತ್ತು ಆಂಟಿಜೆನ್ ಪರೀಕ್ಷೆಗಳಿಗೆ ಅದು ಸಾಕಾಗುತ್ತದೆ. ಮುಚ್ಚಳವಿರುವ ಬಕೆಟ್‌ನಲ್ಲಿ ತಿರುಗಿಸಿ, ನಿಂತ ಕೂಡಲೇ ತೆರೆಯದೆ ಹತ್ತು ನಿಮಿಷ ಬಿಟ್ಟು, ಸುರಕ್ಷತಾ ಕ್ಯಾಬಿನೆಟ್ ಒಳಗೆ ತೆರೆಯಿರಿ.

ಉಳಿದ 1 ಮಿ.ಲೀ.ಯಲ್ಲಿ ಗಸಿಯನ್ನು ಚೆನ್ನಾಗಿ ಕದಡಿ ಎರಡು ಪಾಲು ಮಾಡಿ. 0.5 ಮಿ.ಲೀ. ಕಲ್ಚರ್‌ಗೆ, 0.5 ಮಿ.ಲೀ. ಅಲ್ಟ್ರಾಗೆ. ಪಾಲು ಮಾಡುವುದು ರಿಯೇಜೆಂಟ್ ಸೇರಿಸುವ ಮೊದಲೇ ಆಗಬೇಕು. ರಿಯೇಜೆಂಟ್‌ನಲ್ಲಿರುವುದು ಸೋಡಿಯಂ ಹೈಡ್ರಾಕ್ಸೈಡ್ ಮತ್ತು ಐಸೊಪ್ರೊಪನಾಲ್. ಅದು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಆಮೇಲೆ ಕಲ್ಚರ್ ಬೆಳೆಯುವುದಿಲ್ಲ. ಅಲ್ಟ್ರಾ ಪಾಲಿಗೆ 1.5 ಮಿ.ಲೀ. ರಿಯೇಜೆಂಟ್ ಹಾಕಿ, ಹತ್ತು ಸೆಕೆಂಡಿನಷ್ಟು ಜೋರಾಗಿ ಅಲುಗಾಡಿಸಿ, ಹತ್ತು ನಿಮಿಷ ಇಟ್ಟು, ಮತ್ತೊಮ್ಮೆ ಅಲುಗಾಡಿಸಿ ಐದು ನಿಮಿಷ ಬಿಡಿ. ನಂತರ ಗುಳ್ಳೆ ಬರದಂತೆ 2 ಮಿ.ಲೀ. ಕಾರ್ಟ್ರಿಡ್ಜ್‌ಗೆ ಬಿಟ್ಟು, ತಡಮಾಡದೆ ಯಂತ್ರಕ್ಕೆ ಹಾಕಿ.

ನಿಂತ ಸಿಎಸ್‌ಎಫ್‌ನಲ್ಲಿ ಕೆಲವೊಮ್ಮೆ ಜೇಡರ ಬಲೆಯಂಥ ತೆಳು ಪರೆ ಕಟ್ಟುತ್ತದೆ. ಕಸವೆಂದು ಅದನ್ನು ತೆಗೆದು ಹಾಕಬೇಡಿ, ಬ್ಯಾಕ್ಟೀರಿಯಾ ಸಿಕ್ಕಿಹಾಕಿಕೊಂಡಿರುವುದು ಹೆಚ್ಚಾಗಿ ಅದರಲ್ಲೇ. ರಿಯೇಜೆಂಟ್ ಜೊತೆ ಅಲುಗಾಡಿಸಿದಾಗ ಒಡೆಯಲಿ. ಪೂರ್ತಿ ಕರಗದೆ ತುಣುಕು ಉಳಿದರೆ ಮಾತ್ರ ತಳಕ್ಕಿಳಿಯಲು ಬಿಟ್ಟು ಮೇಲಿನಿಂದ ಎಳೆದುಕೊಳ್ಳಿ.

ರಿಪೋರ್ಟ್ ಓದುವ ಬಗೆ

ಪಾಸಿಟಿವ್ ಐದು ಹಂತದಲ್ಲಿ ಬರುತ್ತದೆ: ಹೈ, ಮೀಡಿಯಂ, ಲೋ, ವೆರಿ ಲೋ, ಟ್ರೇಸ್. ಕೊನೆಯದರ ಬಗ್ಗೆ ಗೊಂದಲ ಹೆಚ್ಚು. ಹಲವು ಪ್ರತಿಗಳಿರುವ ತುಣುಕುಗಳು ಸಿಕ್ಕವು, ಒಂದೇ ಪ್ರತಿಯ ಆರ್‌ಪಿಒಬಿ ಸಿಗಲಿಲ್ಲ ಎಂಬುದು ಟ್ರೇಸ್‌ನ ಅರ್ಥ. ಹಾಗಾಗಿ ರಿಫಾಂಪಿಸಿನ್ ಫಲಿತಾಂಶದ ಜಾಗದಲ್ಲಿ ಯಾವಾಗಲೂ ಅನಿರ್ಧಾರಿತ ಎಂದೇ ಇರುತ್ತದೆ. ಹಿಂದೆ ಟಿಬಿ ಬಂದುಹೋದ ವಯಸ್ಕರ ಕಫದಲ್ಲಿ ಟ್ರೇಸ್ ಬಂದರೆ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎ ಇರಬಹುದೆಂದು ಯೋಚಿಸಬೇಕು. ಸಿಎಸ್‌ಎಫ್‌ನಲ್ಲಿ ಆ ಲೆಕ್ಕಾಚಾರ ಬೇಡ. ಮೆನಿಂಜೈಟಿಸ್ ಲಕ್ಷಣ ಇರುವವರ ಸಿಎಸ್‌ಎಫ್‌ನಲ್ಲಿ ಟ್ರೇಸ್ ಅಂದರೆ ಪಾಸಿಟಿವ್. ಮರುಪರೀಕ್ಷೆಗೆ ಕಾಯದೆ ಅದೇ ದಿನ ಟಿಬಿ ಔಷಧಿ ಮತ್ತು ಊತ ತಗ್ಗಿಸುವ ಸ್ಟೀರಾಯ್ಡ್ ಆದ ಡೆಕ್ಸಮೆಥಸೋನ್ ಶುರುವಾಗಬೇಕು. "ಬರೀ ಟ್ರೇಸ್ ತಾನೇ" ಎಂದು ರಿಪೋರ್ಟನ್ನು ಬದಿಗಿಡುವುದು ಈ ಪರೀಕ್ಷೆಯ ವಿಷಯದಲ್ಲಿ ನಡೆಯುವ ಅತಿ ಅಪಾಯದ ತಪ್ಪು.

ಇನ್ವ್ಯಾಲಿಡ್ ಎಂದರೆ ಒಳಗಿನ ನಿಯಂತ್ರಣ ಸೋತಿದೆ. ಕಾರ್ಟ್ರಿಡ್ಜ್‌ನಲ್ಲಿ ಮೊದಲೇ ಇಟ್ಟ ನಿರಪಾಯಕಾರಿ ಬ್ಯಾಕ್ಟೀರಿಯಾ ಬೀಜಾಣುವೂ ಪತ್ತೆಯಾಗದಿದ್ದರೆ, ಪಿಸಿಆರ್‌ಗೆ ಏನೋ ಅಡ್ಡಿಯಾಗಿದೆ ಎಂದರ್ಥ. ರಕ್ತ ಒಂದು ಕಾರಣ. ಎರರ್ ಎಂದರೆ ಯಂತ್ರವೇ ನಿಂತಿದೆ. 2008 ಎಂಬ ಸಂಖ್ಯೆ ಬಂದರೆ ಒಳಗೆ ಒತ್ತಡ ಮಿತಿ ಮೀರಿದೆ, ಸಾಮಾನ್ಯವಾಗಿ ಗಟ್ಟಿ ತುಣುಕು ಸಿಕ್ಕಿಕೊಂಡಿದೆ. 5006, 5007, 5008 ಬಂದರೆ ಪ್ರೋಬ್ ತಪಾಸಣೆ ಸೋತಿದೆ: ದ್ರವ ಸರಿಯಾಗಿ ತುಂಬಿಲ್ಲ ಅಥವಾ ಕಾರ್ಟ್ರಿಡ್ಜ್ ಹಾಳಾಗಿದೆ. 2127 ಬಂದರೆ ಮಾಡ್ಯೂಲ್ ಮತ್ತು ಕಂಪ್ಯೂಟರ್ ನಡುವಿನ ಸಂಪರ್ಕ ತಪ್ಪಿದೆ. ಇವು ಯಾವುವೂ ನೆಗೆಟಿವ್ ಅಲ್ಲ, ರಿಪೋರ್ಟಿನಲ್ಲಿ ಹಾಗೆ ಬರೆಯಲೂ ಕೂಡದು.

ಎರರ್ ಬಂದಾಗ ಈ ವಿನ್ಯಾಸದ ದೊಡ್ಡ ಕೊರತೆ ಗೊತ್ತಾಗುತ್ತದೆ. ಇದ್ದ 2 ಮಿ.ಲೀ.ಯನ್ನೂ ಕಾರ್ಟ್ರಿಡ್ಜ್ ನುಂಗಿರುತ್ತದೆ, ವಾಪಸ್ ತೆಗೆಯಲು ಬರುವುದಿಲ್ಲ. ಕಫವಾದರೆ ಇನ್ನೊಮ್ಮೆ ಕೇಳಬಹುದು; ಇಲ್ಲಿ ಮತ್ತೆ ಬೆನ್ನಿಗೆ ಸೂಜಿ ಹಾಕಬೇಕು. ಕಲ್ಚರ್‌ಗೆಂದು ಎತ್ತಿಟ್ಟ ಪಾಲು ಆಗ ಆಪತ್ತಿಗೆ ಒದಗುತ್ತದೆ. ಕರೆಂಟ್ ಹೋಗುವುದನ್ನಂತೂ ತಡೆಯಬಹುದಾದ ನಷ್ಟಗಳ ಪಟ್ಟಿಯಲ್ಲಿ ಮೊದಲು ಬರೆಯಬೇಕು. ಮಧ್ಯದಲ್ಲಿ ವಿದ್ಯುತ್ ನಿಂತರೆ ಆ ಕಾರ್ಟ್ರಿಡ್ಜ್ ಮುಗಿದಂತೆ. ಯುಪಿಎಸ್ ಬ್ಯಾಟರಿ ಪೂರ್ತಿ ಓಟಕ್ಕೆ, ಅಂದರೆ ಕನಿಷ್ಠ ಒಂದೂವರೆ ಗಂಟೆಗೆ, ಸಾಲುತ್ತದೆಯೇ ಎಂದು ಲೋಡ್ ಹಾಕಿಯೇ ನೋಡಿ. ಕಾರ್ಟ್ರಿಡ್ಜ್‌ಗಳನ್ನು 2ರಿಂದ 28 ಡಿಗ್ರಿಯಲ್ಲಿ ಇಡಬೇಕು, ಯಂತ್ರದ ಕೋಣೆ 30 ಡಿಗ್ರಿ ದಾಟಬಾರದು. ಬಿಸಿಲಿಗೆ ಬಿದ್ದ ಪೆಟ್ಟಿಗೆಯಿಂದ ಎರರ್ ಸಾಲುಸಾಲಾಗಿ ಬರುವುದು ಆಶ್ಚರ್ಯವಲ್ಲ.

ಸೂಕ್ಷ್ಮತೆ ಹೆಚ್ಚಾದಂತೆ ಕಲಬೆರಕೆಯ ಭಯವೂ ಹೆಚ್ಚು. ಪಕ್ಕದಲ್ಲಿ ಬ್ಯಾಕ್ಟೀರಿಯಾ ತುಂಬಿದ ಕಫದ ಡಬ್ಬಿ ತೆರೆದಿಟ್ಟುಕೊಂಡು ಸಿಎಸ್‌ಎಫ್ ಟ್ಯೂಬ್ ತೆರೆಯಬಾರದು. ದಿನದ ಕೆಲಸದಲ್ಲಿ ಸಿಎಸ್‌ಎಫ್ ಮೊದಲು, ಕಫ ಆಮೇಲೆ. ಮೇಜನ್ನು ಬ್ಲೀಚ್‌ನಿಂದ ಒರೆಸಿ, ಬಳಿಕ 70% ಆಲ್ಕೋಹಾಲ್‌ನಿಂದ ಒರೆಸಿ, ಕೈಗವಸು ಬದಲಿಸಿ. ಒಂದು ದಿನದಲ್ಲಿ ಇದ್ದಕ್ಕಿದ್ದಂತೆ ಟ್ರೇಸ್‌ಗಳ ಸಾಲು ಕಂಡರೆ ರೋಗಿಗಳಿಗಿಂತ ಮೊದಲು ಮೇಜನ್ನು ಅನುಮಾನಿಸಿ.

ನೆಗೆಟಿವ್ ಏಕೆ ಸಾಲದು

ಪ್ರಕಟವಾದ ಅಂಕಿಅಂಶಗಳು ಒಂದೇ ಮಾತು ಹೇಳುವುದಿಲ್ಲ. 2018ರಲ್ಲಿ ಬಂದ ಉಗಾಂಡದ ಅಧ್ಯಯನದಲ್ಲಿ, ಲಕ್ಷಣ ಮತ್ತು ಪರೀಕ್ಷೆಗಳನ್ನು ಒಟ್ಟುಮಾಡಿ ಟಿಬಿ ಎಂದು ತೀರ್ಮಾನಿಸಿದವರಲ್ಲಿ ಅಲ್ಟ್ರಾ 70% ಮಂದಿಯನ್ನು ಹಿಡಿಯಿತು. ಹಳೆಯ ಎಕ್ಸ್‌ಪರ್ಟ್ ಮತ್ತು ಕಲ್ಚರ್ ತಲಾ 43%. ಅಲ್ಲಿಂದಲೇ 2020ರಲ್ಲಿ ಬಂದ ಇನ್ನೊಂದರಲ್ಲಿ ಅಲ್ಟ್ರಾ ಸುಮಾರು 76%, ಹಳೆಯದು 56%. ಅದೇ ವರ್ಷದ ವಿಯೆಟ್ನಾಂ ಅಧ್ಯಯನದಲ್ಲಿ ಅಲ್ಟ್ರಾ ಸುಮಾರು 47%, ಹಳೆಯದು 40%. ಈ ವ್ಯತ್ಯಾಸ ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಗಟ್ಟಿಯಾಗಿರಲಿಲ್ಲ. ಉಗಾಂಡದ ರೋಗಿಗಳಲ್ಲಿ ಬಹುತೇಕರಿಗೆ ಎಚ್‌ಐವಿ ಇತ್ತು, ವಿಯೆಟ್ನಾಂನಲ್ಲಿ ಹೆಚ್ಚಿನವರಿಗೆ ಇರಲಿಲ್ಲ. ಎಚ್‌ಐವಿ ಇರುವವರ ಸಿಎಸ್‌ಎಫ್‌ನಲ್ಲಿ ಬ್ಯಾಕ್ಟೀರಿಯಾ ಹೆಚ್ಚಿರುತ್ತದೆ, ಪರೀಕ್ಷೆಗೆ ಸುಲಭವಾಗಿ ಸಿಗುತ್ತದೆ. ಕಲ್ಚರ್ ಒಂದನ್ನೇ ಅಳತೆಗೋಲು ಮಾಡಿಕೊಂಡರೆ ಅಲ್ಟ್ರಾದ ಅಂಕ ಇನ್ನೂ ಮೇಲೇರಿ 90%ರ ಹತ್ತಿರ ಬರುತ್ತದೆ. ಆದರೆ ಕಲ್ಚರ್ ಕೂಡ ತಪ್ಪಿಸಿಕೊಂಡವರು ಆ ಲೆಕ್ಕದಲ್ಲಿ ಇರುವುದೇ ಇಲ್ಲ. ಜಾಹೀರಾತಿನ ಪುಟಗಳಲ್ಲಿ ಶೇಕಡಾವಾರು ನೋಡುವಾಗ ಯಾವುದಕ್ಕೆ ಹೋಲಿಸಿದ್ದು ಎಂದು ಮೊದಲು ಕೇಳಿ.

ಆದ್ದರಿಂದ ಅಲ್ಟ್ರಾ ನೆಗೆಟಿವ್ ಇದ್ದೂ, ಲಿಂಫೋಸೈಟ್‌ಗಳು (ಒಂದು ಬಗೆಯ ಬಿಳಿ ರಕ್ತಕಣಗಳು) ಮೇಲುಗೈಯಾಗಿ ಮೈಕ್ರೋಲೀಟರ್‌ಗೆ 10ರಿಂದ 500 ಜೀವಕೋಶ, ಲೀಟರ್‌ಗೆ 1 ಗ್ರಾಂ ಮೀರಿದ ಪ್ರೋಟೀನ್, ರಕ್ತದ ಗ್ಲೂಕೋಸ್‌ನ ಅರ್ಧಕ್ಕಿಂತ ಕಡಿಮೆ ಸಿಎಸ್‌ಎಫ್ ಗ್ಲೂಕೋಸ್, ಐದು ದಿನ ಮೀರಿದ ಲಕ್ಷಣಗಳು ಇದ್ದರೆ ಚಿಕಿತ್ಸೆ ನಡೆಯಲಿ. ಒಂದೆರಡು ದಿನದಲ್ಲಿ ಮತ್ತೊಮ್ಮೆ 10 ಮಿ.ಲೀ. ತೆಗೆದು ಪರೀಕ್ಷಿಸಿ. ಔಷಧಿ ಶುರುವಾಗಿ ದಿನ ಕಳೆದಂತೆ ಸಿಗುವ ಸಾಧ್ಯತೆ ಇಳಿಯುತ್ತದೆ, ಆದರೂ ಮೊದಲ ಕೆಲವು ದಿನ ಪ್ರಯತ್ನ ವ್ಯರ್ಥವಲ್ಲ.

ಬೇರೆ ಆಯ್ಕೆಗಳು

ಟ್ರೂನ್ಯಾಟ್ ಬ್ಯಾಟರಿಯಲ್ಲಿ ಓಡುವ ಚಿಕ್ಕ ಯಂತ್ರ. ಎಸಿ, ಯುಪಿಎಸ್ ಇಲ್ಲದ ಜಾಗಕ್ಕೆ ಒಪ್ಪುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟದ್ದು ಶ್ವಾಸಕೋಶದ ಟಿಬಿಯ ಪುರಾವೆಯ ಮೇಲೆ. ಡಿಎನ್‌ಎ ಬೇರ್ಪಡಿಸುವುದು ಒಂದು ಯಂತ್ರದಲ್ಲಿ, ಪಿಸಿಆರ್ ಇನ್ನೊಂದರಲ್ಲಿ, ರಿಫಾಂಪಿಸಿನ್‌ಗೆ ಮತ್ತೊಂದು ಚಿಪ್. ಹಾಗಾಗಿ ಕೈಕೆಲಸ ಹೆಚ್ಚು. ಅಲ್ಟ್ರಾ ಇಲ್ಲದ ಕಡೆ ಖಂಡಿತ ಮಾಡಿಸಿ. ಎರಡೂ ಇದ್ದರೆ ಸಿಎಸ್‌ಎಫ್‌ಗೆ ಅಲ್ಟ್ರಾ. ಟಿಬಿ-ಲ್ಯಾಂಪ್ ಕಫಕ್ಕೆ ಮಾಡಿದ್ದು, ಇಲ್ಲಿ ಅದರ ಮಾತು ಬೇಡ. ಸಿಎಸ್‌ಎಫ್‌ನಲ್ಲಿ ಎಡಿಎ ಎಂಬ ಕಿಣ್ವದ ಮಟ್ಟ ಒಂದು ಸುಳಿವು ಅಷ್ಟೇ, ಬೇರೆ ಬ್ಯಾಕ್ಟೀರಿಯಾದ ಮೆನಿಂಜೈಟಿಸ್‌ನಲ್ಲೂ ಅದು ಏರುತ್ತದೆ. ಎಚ್‌ಐವಿ ಇರುವವರಲ್ಲಿ ಟಿಬಿ ಬ್ಯಾಕ್ಟೀರಿಯಾದ ಗೋಡೆಯ ಅಂಶವನ್ನು ಮೂತ್ರದಲ್ಲಿ ಹುಡುಕುವ ಲ್ಯಾಮ್ ಪಟ್ಟಿ ಜೊತೆಗಿರಲಿ: ಪಾಸಿಟಿವ್ ಬಂದರೆ ದೇಹದಲ್ಲಿ ಟಿಬಿ ಇದೆ ಎಂಬ ಬಲವಾದ ಆಧಾರ ನಿಮಿಷಗಳಲ್ಲಿ ಸಿಗುತ್ತದೆ.

ಅಲ್ಟ್ರಾ ಹೇಳದ ಒಂದು ಮುಖ್ಯ ಸಂಗತಿ, ಟಿಬಿಯ ಇನ್ನೊಂದು ಮುಖ್ಯ ಔಷಧಿಯಾದ ಐಸೋನಿಯಾಜಿಡ್‌ಗೆ ಇರುವ ಪ್ರತಿರೋಧ. ಮೆದುಳಿನ ಟಿಬಿಯಲ್ಲಿ ರಿಫಾಂಪಿಸಿನ್ ಸಿಎಸ್‌ಎಫ್‌ಗೆ ಇಳಿಯುವುದು ಕಡಿಮೆ, ಐಸೋನಿಯಾಜಿಡ್ ಚೆನ್ನಾಗಿ ಇಳಿಯುತ್ತದೆ. ಮೊದಲ ದಿನಗಳ ಭಾರವನ್ನು ಹೊರುವುದು ಅದೇ. ಅದು ಕೆಲಸ ಮಾಡದಿದ್ದರೆ ರಿಪೋರ್ಟಿನಲ್ಲಿ "ರಿಫಾಂಪಿಸಿನ್ ಪ್ರತಿರೋಧ ಇಲ್ಲ" ಎಂದು ಬರೆದದ್ದು ಸುಳ್ಳು ಸಮಾಧಾನವಾಗುತ್ತದೆ. ಸೆಫೀಡ್‌ನ ಎಂಟಿಬಿ/ಎಕ್ಸ್‌ಡಿಆರ್ ಕಾರ್ಟ್ರಿಡ್ಜ್ ಐಸೋನಿಯಾಜಿಡ್ ಪ್ರತಿರೋಧವನ್ನು ನೋಡುತ್ತದೆ. ಆದರೆ ಅದಕ್ಕೆ ಹತ್ತು ಬಣ್ಣ ಓದುವ ಬೇರೆ ಮಾಡ್ಯೂಲ್ ಬೇಕು, ಪತ್ತೆಗೆ ಅಲ್ಟ್ರಾಗಿಂತ ಎಷ್ಟೋ ಹೆಚ್ಚು ಬ್ಯಾಕ್ಟೀರಿಯಾ ಬೇಕು; ಟ್ರೇಸ್ ಅಥವಾ ವೆರಿ ಲೋ ಬಂದ ಸಿಎಸ್‌ಎಫ್‌ನಲ್ಲಿ ಉತ್ತರ ಸಿಗುವುದು ಅಪರೂಪ. ಹೀಗಾಗಿ ಆ 0.5 ಮಿ.ಲೀ. ಗಸಿ ಕಲ್ಚರ್‌ಗೆ ಹೋಗಲೇಬೇಕು. ಬೆಳೆದದ್ದರ ಮೇಲೆ ಐಸೋನಿಯಾಜಿಡ್ ಪರೀಕ್ಷೆಯನ್ನು ಕೋರಿಕೆ ಚೀಟಿಯಲ್ಲೇ ಬರೆದು ಕೇಳಿ. ವಾರಗಳ ನಂತರ ಬರುವ ಆ ಫಲಿತಾಂಶ ಲ್ಯಾಬ್‌ನ ಕಂಪ್ಯೂಟರಿನಲ್ಲೇ ಉಳಿಯದೆ ರೋಗಿಯ ಕಡತ ಸೇರುವಂತೆ, ಅದನ್ನು ವಿಚಾರಿಸುವ ಹೊಣೆಯನ್ನು ವಾರ್ಡಿನ ಒಬ್ಬರಿಗೆ ಮೊದಲ ದಿನವೇ ವಹಿಸಿಡಿ.